ನನಗೆ ರಕ್ತ ಹೆಚ್ಚಾದಾಗ

ನಮ್ಮ ಕಡೆ ರಕ್ತ ಕಡಿಮೆಯಾದರೆ ಅದು ರೋಗ. ಹೆಚ್ಚಾದರೆ ಅದಕ್ಕೆ ರೋಗವೆಂಬ ಹೆಸರೇ ಇಲ್ಲ, ಹೊಗಳಿಕೆ ಮಾತ್ರ ಇದೆ. "ಸಾಬಮ್ಮ ಟೀಚರ್ ಮಾರಿ ನೋಡ್ರಿ, ಟಮಾಟಿ ಆಗ್ಯಾದ" ಎಂದು ಓಣಿಯ ಹೆಂಗಸರು ಅಂದಾಗಲೆಲ್ಲ ನಾನೂ ಸೆರಗು ಸರಿಮಾಡಿಕೊಂಡು ನಕ್ಕಿದ್ದೇನೆ. ನಲವತ್ತಾರರ ವಯಸ್ಸಿನಲ್ಲಿ ಇಷ್ಟು ಕೆಂಪಗೆ ಇದ್ದೇನಲ್ಲ ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದೇನೆ. ಆ ಹೆಮ್ಮೆಯಲ್ಲಿಯೇ ಎರಡು ವರ್ಷ ಕಳೆದೆ. ನನ್ನಂಥವಳು ಇನ್ನೊಬ್ಬಳು ಎಲ್ಲೋ ಒಂದೂರಿನಲ್ಲಿ ಕನ್ನಡಿ ನೋಡಿ ಖುಷಿಪಡುತ್ತ, ಬಚ್ಚಲಿನಲ್ಲಿ ಮೈ ಪರಚಿಕೊಳ್ಳುತ್ತ ಇರಬಹುದು. ಆಕೆ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ತವರು ರಾಮಸಮುದ್ರ. ಮದುವೆಯಾಗಿ ಬಂದದ್ದು ಶಹಾಪುರದ ಕಡೆ ಕಾಲುವೆ ದಂಡೆಯ ಒಂದು ಊರಿಗೆ. ನನ್ನ ಗಂಡ ದೇವಿಂದ್ರಪ್ಪ ಆ ಕಾಲುವೆಯ ಗೇಟು ಕಾಯುವವರು, ಏರಿಸುವುದು ಇಳಿಸುವುದು ಅವರ ಕೆಲಸ. ಹೆಣ್ಣುಮಕ್ಕಳಿಬ್ಬರನ್ನೂ ಕೊಟ್ಟುಬಿಟ್ಟಿದ್ದೇವೆ. ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮತ್ತೆ. ನಾನು ಹತ್ತೊಂಬತ್ತು ವರ್ಷದಿಂದ ಊರಿನ ಅಂಗನವಾಡಿಯಲ್ಲಿ ಟೀಚರ್.

ಅಂಗನವಾಡಿ ಎಂದರೆ ಮಕ್ಕಳಿಗೆ ಹಾಡು ಕಲಿಸುವುದಷ್ಟೇ ಎಂದು ತಿಳಿಯಬೇಡಿ. ಬಸುರಿಯರು, ಬಾಣಂತಿಯರು ಮಧ್ಯಾಹ್ನ ನಮ್ಮಲ್ಲಿಗೇ ಊಟಕ್ಕೆ ಬರುತ್ತಾರೆ. ಊಟವಾದ ಮೇಲೆ ಅವರಿಗೆ ರಕ್ತ ಹೆಚ್ಚಾಗುವ ಕಬ್ಬಿಣಾಂಶದ ಕೆಂಪು ಗುಳಿಗೆ ಕೊಡಬೇಕು, ನನ್ನ ಕಣ್ಣೆದುರೇ ನುಂಗಿಸಬೇಕು. ಇದು ಹೇಳಿದಷ್ಟು ಸುಲಭವಲ್ಲ. ಗುಳಿಗೆ ತಿಂದರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎನ್ನುವವರಿದ್ದಾರೆ, ಕೂಸು ಕಪ್ಪಾಗುತ್ತದೆ ಎನ್ನುವವರಿದ್ದಾರೆ. ವಾಂತಿ ಬರುತ್ತದೆ ಎನ್ನುವ ಮಾತಂತೂ ನಿಜವೇ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬಾಕೆ ಗುಳಿಗೆಯನ್ನು ಅಂಗೈಯಲ್ಲಿಟ್ಟುಕೊಂಡು, "ಹೇಳೋದು ಆಚಾರ, ತಿನ್ನೋದು ಬದನಿಕಾಯಿ. ಮೊದಲ ನೀ ತಿಂದ್ ತೋರ್ಸು" ಅಂದಳು. ನಾನು ಅಲ್ಲಿಯೇ ಒಂದು ಬಾಯಿಗೆ ಹಾಕಿ ನೀರು ಕುಡಿದೆ. ಆಕೆಯೂ ನುಂಗಿದಳು. ಅವತ್ತಿನಿಂದ ಅದೇ ನಮ್ಮ ಅಂಗನವಾಡಿಯ ರೂಢಿಯಾಯಿತು. ಟೀಚರ್ ನುಂಗಿದ ಮೇಲೆ ಉಳಿದವರು. ನಾನು ರಜೆ ಹಾಕಿದ ದಿನ ಒಬ್ಬರೂ ನುಂಗುತ್ತಿರಲಿಲ್ಲ. ಬೇರೆ ಊರಿನ ಟೀಚರ್‌ಗಳು ಮೀಟಿಂಗಿನಲ್ಲಿ ಗೋಳಾಡುವಾಗ ನಾನು ಎದೆ ಸೆಟೆದು ಕೂಡುತ್ತಿದ್ದೆ.

ತುರಿಕೆ ಶುರುವಾದದ್ದು ಗರ್ಭಚೀಲ ತೆಗೆಸಿಕೊಂಡ ಒಂದು ವರ್ಷದ ನಂತರ. ಬಿಸಿನೀರು ಮೈಮೇಲೆ ಬಿದ್ದು ಒರೆಸಿಕೊಳ್ಳುವಷ್ಟರಲ್ಲಿ ತೋಳು, ಹೊಟ್ಟೆ, ತೊಡೆ ಎಲ್ಲ ಕಡೆ ಸೂಜಿ ಚುಚ್ಚಿದಂತೆ ಆಗುತ್ತಿತ್ತು. ಗುಳ್ಳೆಯಿಲ್ಲ, ಕಲೆಯಿಲ್ಲ. ಅರ್ಧ ಗಂಟೆ ಹುಚ್ಚಿಯಂತೆ ಕೆರೆದುಕೊಂಡು ಕೂತರೆ ತಾನೇ ಇಳಿಯುತ್ತಿತ್ತು. ಕಾರಣವನ್ನು ನಮ್ಮತ್ತೆ ಎರಡನೇ ದಿನವೇ ಕಂಡುಹಿಡಿದರು.

"ಇದು ಕ್ಯಾನಲ್ ನೀರಿಂದ. ಭತ್ತದ ಗದ್ದಿಗೆ ಹೊಡದ ಔಷಧ ಎಲ್ಲಾ ಬಾವಿಗೇ ಇಳಿತದ. ಮೊದಲ ನಮ್ಮ ಬಾವಿ ನೀರು ಹೆಂಗಿತ್ತು, ಸಕ್ರಿ ಇದ್ದಂಗ ಇತ್ತು" ಎಂದರು.

"ಮೊದಲ ನಿನ್ನ ಬಾವ್ಯಾಗ ನೀರೇ ಇರಲಿಲ್ಲ ಯವ್ವಾ" ಎಂದು ನನ್ನ ಗಂಡ ಅಂದರು. ಕಾಲುವೆಯನ್ನು ಬೈದರೆ ಅವರಿಗೆ ತಮ್ಮನ್ನೇ ಬೈದ ಹಾಗೆ.

ತಾಯಿ ಮಗನ ಈ ಜಗಳ ತಿಂಗಳುಗಟ್ಟಲೆ ನಡೆಯಿತು. ನಾನು ಮಧ್ಯದಲ್ಲಿ ಕೆರೆದುಕೊಳ್ಳುತ್ತ ಕೂತಿರುತ್ತಿದ್ದೆ. ಊರಿನಲ್ಲೂ ಅತ್ತೆಯ ಮಾತಿಗೇ ಬೆಲೆ. ಕಾಲುವೆ ಬಂದ ಮೇಲೆ ಭತ್ತ ಬಂತು, ಭತ್ತದ ಹಿಂದೆ ಔಷಧ ಬಂತು, ಸೊಳ್ಳೆ ಬಂತು. ಆದ್ದರಿಂದ ನಮ್ಮಲ್ಲಿ ಎಮ್ಮೆ ಹಾಲು ಕಡಿಮೆ ಕೊಟ್ಟರೂ ಅದು ಕಾಲುವೆ ನೀರಿನದೇ ತಪ್ಪು. ಬೇವಿನ ಸೊಪ್ಪು ಕುದಿಸಿದ್ದಾಯಿತು, ಅರಿಶಿಣ ಹಚ್ಚಿದ್ದಾಯಿತು, ಶಹಾಪುರದ ಮೆಡಿಕಲ್ ಅಂಗಡಿಯಿಂದ ಮೂರು ಥರದ ಮುಲಾಮು ತಂದದ್ದಾಯಿತು. ಕೊನೆಗೆ ನನ್ನ ಗಂಡ ಫಿಲ್ಟರ್ ನೀರಿನ ಕ್ಯಾನು ಸೈಕಲ್ಲಿಗೆ ಕಟ್ಟಿಕೊಂಡು ಬಂದು ನನ್ನ ಸ್ನಾನಕ್ಕೆ ಕೊಡತೊಡಗಿದರು. ಕುಡಿಯುವ ನೀರಿನಲ್ಲಿ ಮೈ ತೊಳೆಯುವ ಈ ದರ್ಬಾರು ನೋಡಿ ಓಣಿಯೆಲ್ಲ ನಕ್ಕಿತು. ತುರಿಕೆ ಮಾತ್ರ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ.

ಅದೇ ನೀರಿನಲ್ಲಿ ಅತ್ತೆ ಸ್ನಾನ ಮಾಡುತ್ತಿದ್ದರು, ಗಂಡ ಮಾಡುತ್ತಿದ್ದರು, ಊರೇ ಮಾಡುತ್ತಿತ್ತು. ಬೇರೆ ಯಾರಿಗೂ ಯಾಕೆ ತುರಿಸುವುದಿಲ್ಲ ಎಂದು ನಾವು ಮೂವರಲ್ಲಿ ಒಬ್ಬರೂ ಕೇಳಿಕೊಳ್ಳಲಿಲ್ಲ. ಬೈಯಲು ಕಾಲುವೆ ಸಿಕ್ಕಿತ್ತು, ಅಷ್ಟು ಸಾಕಾಗಿತ್ತು. ಆಮೇಲಾಮೇಲೆ ತಲೆ ಭಾರವಾಗತೊಡಗಿತು. ಕಾಲ್ಬೆರಳು ಉರಿದು ಕೆಂಪಾಗುತ್ತಿದ್ದವು. ಹಾಜರಿ ಪುಸ್ತಕ ಬರೆಯುವಾಗ ಅಕ್ಷರಗಳು ಒಮ್ಮೊಮ್ಮೆ ಅಲುಗಾಡುತ್ತಿದ್ದವು. ಚಾಳೀಸು ಬಂದಿದೆ ಎಂದು ಕನ್ನಡಕ ಬದಲಿಸಿದೆ.

ನಮ್ಮ ಊರಿನಲ್ಲಿ ರಕ್ತ ಪರೀಕ್ಷೆಗೆ ಬಂದ ದಿನ ಎಲ್ಲ ಬಯಲಾಯಿತು. ಆರೋಗ್ಯ ಕೇಂದ್ರದಿಂದ ಒಬ್ಬ ನರ್ಸಮ್ಮ ಬೆರಳು ಚುಚ್ಚಿ ನೋಡುವ ಸಣ್ಣ ಮಷಿನ್ನು ತಂದಿದ್ದರು. ಬಸುರಿಯರು ಗೋಡೆಗೆ ಅಂಟಿ ನಿಂತರು. ರೂಢಿಯಂತೆ ನಾನೇ ಮೊದಲು ಬೆರಳು ಚಾಚಿದೆ. ಮಷಿನ್ನಿನಲ್ಲಿ ಹತ್ತೊಂಬತ್ತು ದಾಟಿ ತೋರಿಸಿತು. ನರ್ಸಮ್ಮ ಅದನ್ನು ತಟ್ಟಿ ನೋಡಿದರು, ಬ್ಯಾಟರಿ ತೆಗೆದು ಹಾಕಿದರು, ಇನ್ನೊಂದು ಬೆರಳು ಚುಚ್ಚಿದರು. ಇಪ್ಪತ್ತು ಬಂತು.

"ಟೀಚರ್ರೇ, ಹೆಂಗಸರಿಗೆ ಹನ್ನೆರಡು ಇದ್ರ ಬೇಷ್ ಅಂತೀವಿ. ನಿಮ್ಮದು ಮಷಿನ್ನಿಗೇ ನಂಬಕಿ ಬರವಲ್ದು" ಎಂದರು.

ಹೆಂಗಸರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಯ್ಯಮ್ಮ. ನಮ್ಮ ಓಣಿಯ ಹುಡುಗಿ, ಸೋದರಮಾವನ ಮಗನನ್ನೇ ಮದುವೆಯಾದ್ದರಿಂದ ತವರೂ ಗಂಡನ ಮನೆಯೂ ನಮ್ಮ ಓಣಿಯಲ್ಲೇ. ಸಣ್ಣವಳಿದ್ದಾಗ ನನ್ನ ಅಂಗನವಾಡಿಯಲ್ಲೇ ಉಪ್ಪಿಟ್ಟು ತಿಂದು ಬೆಳೆದವಳು. ಈಗ ನಾಲ್ಕು ತಿಂಗಳ ಬಸುರಿ. "ಸಾಬಕ್ಕ ಊರಿನ ಪಾಲಿಂದೂ ತಾನೇ ಉಂಡಾಳ" ಎಂದಳು. ಆಮೇಲೆ ಆಕೆಯ ಬೆರಳು ಚುಚ್ಚಿದರು. ಏಳು ಬಂತು. ಯಾರೂ ನಗಲಿಲ್ಲ.

ನರ್ಸಮ್ಮ ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು ಯಾದಗಿರಿಗೆ ಹೋಗಿ ತೋರಿಸಿಕೊಳ್ಳಲು ಹೇಳಿದರು. ಯಾದಗಿರಿಯಲ್ಲಿ ದೊಡ್ಡ ಮಷಿನ್ನೂ ಅದನ್ನೇ ಹೇಳಿತು. ಅಲ್ಲಿಂದ ಕಲಬುರಗಿಗೆ ಕಳಿಸಿದರು, ಕಲಬುರಗಿಯಿಂದ ನನ್ನ ರಕ್ತ ಒಂದು ಸಣ್ಣ ಕೊಳವೆಯಲ್ಲಿ ಹೈದರಾಬಾದಿಗೆ ಹೋಯಿತು. ಹೈದರಾಬಾದನ್ನು ನಾನು ಇವತ್ತಿನ ತನಕ ನೋಡಿಲ್ಲ. ವರದಿ ಬರಲು ಹನ್ನೆರಡು ದಿನ ಹಿಡಿಯಿತು. ಆ ಹನ್ನೆರಡು ದಿನ ನಾನು ಊರಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಮಕ್ಕಳಿಗೆ ಹಾಡು ಹೇಳಿಕೊಡುವಾಗ ನಡುವೆ ಸಾಲು ಮರೆತುಹೋಗುತ್ತಿತ್ತು, ಮಕ್ಕಳೇ ನೆನಪಿಸುತ್ತಿದ್ದವು. ಅತ್ತೆ ಕೊಡೇಕಲ್ಲಿನ ದೇವರಿಗೆ ಹರಕೆ ಕಟ್ಟಿಕೊಂಡರು. ಯಾವ ರೋಗಕ್ಕೆ ಎಂದು ಕೇಳಿದರೆ, "ಅದು ದೇವರಿಗೆ ಗೊತ್ತಿರ್ತದ ತಗೋ" ಅಂದರು.

ವರದಿ ಬಂದ ದಿನ ಕಲಬುರಗಿಯ ಆ ದವಾಖಾನೆಯಲ್ಲಿ ನಾವು ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂತಿದ್ದೆವು. ನನ್ನ ಪಕ್ಕದಲ್ಲಿ ಒಬ್ಬ ಮುದುಕಿ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಹುಡುಗಿ ಹಾಳೆಯಂತೆ ಬೆಳ್ಳಗಿದ್ದಳು. ಮುದುಕಿ ನನ್ನ ಮುಖ ನೋಡಿ, "ನಿನಗೇನಾಗ್ಯಾದ ತಾಯಿ, ಚಲೋ ಕೆಂಪ ಅದಿಯಲ್ಲ" ಎಂದಳು. ರಕ್ತ ಹೆಚ್ಚಾಗಿದೆ ಎಂದು ಆಕೆಗೆ ಹೇಳಲು ನನಗೆ ನಾಚಿಕೆಯಾಯಿತು. ಯಾರದೋ ಜೊತೆಗೆ ಬಂದಿದ್ದೇನೆ ಎಂದು ಸುಳ್ಳು ಹೇಳಿದೆ. ಮುದುಕಿ ಸೆರಗಿನ ಗಂಟಿನಿಂದ ಎರಡು ಕಲ್ಲುಸಕ್ಕರೆ ತೆಗೆದು ಒಂದನ್ನು ನನಗೆ ಕೊಟ್ಟಳು. ಅದನ್ನು ಬಾಯಲ್ಲಿಟ್ಟುಕೊಂಡೇ ಒಳಗೆ ಹೋದೆ.

ಒಳಗಿದ್ದ ಡಾಕ್ಟರಮ್ಮ ನಮ್ಮ ಕಡೆಯವರೇ. ವಯಸ್ಸು ಕಡಿಮೆ, ತಾಳ್ಮೆ ಹೆಚ್ಚು. ಇದು ಒಂದು ಜಾತಿಯ ರಕ್ತದ ಕ್ಯಾನ್ಸರೇ, ಆದರೆ ಬಹಳ ನಿಧಾನದ್ದು, ಕಾಯ್ದುಕೊಂಡರೆ ವರ್ಷಗಟ್ಟಲೆ ಬಾಳಬಹುದು ಎಂದರು. ಮೊದಲ ಮಾತು ಬಿಟ್ಟು ಉಳಿದದ್ದು ನನಗೆ ಕೇಳಿಸಲೇ ಇಲ್ಲ. ನನ್ನ ಗಂಡ ಮೇಜಿನ ಅಂಚು ಹಿಡಿದುಕೊಂಡು, "ಆಕಿಗೆ ತಿಳಿಯೂ ಹಂಗ ಹೇಳ್ರಿ ಮೇಡಂ" ಎಂದರು. ತಿಳಿಯಬೇಕಾದದ್ದು ಅವರಿಗೇ.

ಡಾಕ್ಟರಮ್ಮ ಮತ್ತೆ ಮೊದಲಿನಿಂದ ಹೇಳಿದರು. "ನೋಡ್ರಿ, ಮೈಯಾಗ ರಕ್ತ ಕಡಿಮಿ ಆದ್ರ ಮೂತ್ರಪಿಂಡ ಒಂದು ಸುದ್ದಿ ಕಳಸ್ತದ. ಎಲುಬಿನ ಒಳಗ ರಕ್ತ ತಯಾರ್ ಆಗೂ ಜಾಗಕ್ಕ ಆ ಸುದ್ದಿ ಮುಟ್ಟತದ. ಅಲ್ಲಿ ಒಂದು ಪ್ರೋಟೀನ್ ಇರ್ತದ. ಸುದ್ದಿ ಬಂದಾಗ ಮಾತ್ರ ಅದು ಕೆಂಪು ಕಣ ಮಾಡ್ರಿ ಅಂತ ಒಳಗ ಹೇಳ್ತದ. ರಕ್ತ ಸಾಕಾತು, ಸುದ್ದಿ ನಿಂತು, ಅದೂ ಸುಮ್ಮನಾತು. ನಿಮ್ಮ ಮನಿಯವರಲ್ಲಿ ಆ ಪ್ರೋಟೀನೇ ಕೆಟ್ಟದ. ಸುದ್ದಿ ಬಂದಿಲ್ಲ, ಆದ್ರೂ ಬಂದದ ಬಂದದ ಅಂತ ಹೇಳ್ಕೋತನೇ ಅದ."

ನನ್ನ ಗಂಡ, "ಅಂದ್ರ ಗೇಟ್ ಜಾಮ್ ಆಗ್ಯಾದ. ಕೆಳಗಿನವರು ಸಾಕಪ್ಪಾ ಸಾಕು ಅಂದ್ರೂ ಇಳೀವಲ್ದು" ಎಂದರು.

"ಬರೋಬ್ಬರಿ" ಎಂದು ಡಾಕ್ಟರಮ್ಮ ನಕ್ಕರು.

ಇದು ತಂದೆ ತಾಯಿಯಿಂದ ಬಂದದ್ದಲ್ಲ, ಯಾರ ಶಾಪವೂ ಅಲ್ಲ, ಕಾಲುವೆ ನೀರಿನದೂ ಅಲ್ಲ ಎಂದರು. ಸ್ನಾನದ ನಂತರದ ತುರಿಕೆ ಈ ರೋಗದ್ದೇ ಗುಣವಂತೆ. ಗರ್ಭಚೀಲ ಇದ್ದಾಗ ತಿಂಗಳು ತಿಂಗಳು ಒಂದಿಷ್ಟು ರಕ್ತ ಹೋಗುತ್ತಿತ್ತು, ಅದು ನಿಂತ ಮೇಲೆ ರೋಗ ಎದ್ದು ಕಂಡಿದೆ. ರಕ್ತ ಗಟ್ಟಿಯಾದರೆ ಎಲ್ಲಾದರೂ ಹೆಪ್ಪುಗಟ್ಟಬಹುದು, ಮಿದುಳಿನಲ್ಲೋ ಎದೆಯಲ್ಲೋ. ಆದ್ದರಿಂದ ಆಗಾಗ ರಕ್ತ ತೆಗೆಸಬೇಕು, ರಕ್ತ ತೆಳ್ಳಗಿಡುವ ಒಂದು ಸಣ್ಣ ಗುಳಿಗೆ ದಿನಾ ನುಂಗಬೇಕು. ಹೀಗೆ ಬರೆಯುತ್ತ ಬರೆಯುತ್ತ ಅವರು ಕೇಳಿದರು: "ಬ್ಯಾರೆ ಗುಳಿಗಿ ಏನಾದ್ರೂ ತಗೋತೀರೇನು?"

"ಒಂದೇ ರೀ. ಕೆಂಪು ಗುಳಿಗಿ. ದಿನಾ ತಪ್ಪಿಸಂಗಿಲ್ಲ" ಎಂದು ನಾನು ಹೇಳಿದೆ. ಒಳ್ಳೆಯ ವಿದ್ಯಾರ್ಥಿನಿ ಪಾಠ ಒಪ್ಪಿಸುವ ಹಾಗೆ ಹೇಳಿದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಎಷ್ಟು ವರ್ಷದಿಂದ ಎಂದು ಕೇಳಿದರು. ಹೇಳಿದೆ. ಅದರಿಂದ ರೋಗ ಬಂದಿಲ್ಲ, ಅದನ್ನು ತಲೆಯಿಂದ ತೆಗೆದುಹಾಕಿ ಎಂದು ಮೊದಲು ಹೇಳಿದರು. ಆಮೇಲೆ, ಬಂದ ರೋಗಕ್ಕೆ ಮಾತ್ರ ನೀವು ದಿನಾ ಕೈಯಾರೆ ಉಣಿಸಿದ್ದೀರಿ, ರಕ್ತ ಮಾಡಲು ಕಬ್ಬಿಣ ಬೇಕು, ಅದು ನಿಮ್ಮಲ್ಲಿ ಸಿಕ್ಕಾಪಟ್ಟೆ ಇದೆ ಎಂದರು. "ಇವತ್ತಿನಿಂದ ಒಂದೂ ನುಂಗಬ್ಯಾಡ್ರಿ. ಯಾರು ಹೇಳಿದ್ರೂ."

ಬಸ್ಸಿನಲ್ಲಿ ಬರುವಾಗ ನಾನು ಕ್ಯಾನ್ಸರ್ ಎಂಬ ಮಾತಿಗೆ ಅಳಬೇಕಿತ್ತು. ಅತ್ತದ್ದು ಬೇರೆಯದಕ್ಕೆ. ನಾಳೆ ಮಧ್ಯಾಹ್ನ ಹನ್ನೊಂದು ಜನ ಹೆಂಗಸರು ಗುಳಿಗೆ ಅಂಗೈಯಲ್ಲಿಟ್ಟುಕೊಂಡು ನನ್ನ ಬಾಯಿ ನೋಡುತ್ತ ಕೂತಿರುತ್ತಾರೆ. ಏನು ಹೇಳಲಿ? ಗುಳಿಗೆ ತಿಂದು ತಿಂದು ಟೀಚರಿಗೆ ರಕ್ತದ ಕ್ಯಾನ್ಸರ್ ಬಂದಿದೆ ಎಂಬ ಒಂದು ಸಾಲು ಸಾಕು, ನಮ್ಮ ಊರಷ್ಟೇ ಅಲ್ಲ, ಸುತ್ತಲಿನ ಹತ್ತು ಊರುಗಳಲ್ಲಿ ಒಬ್ಬ ಬಸುರಿಯೂ ಗುಳಿಗೆ ಮುಟ್ಟುವುದಿಲ್ಲ. ನನ್ನ ಹತ್ತೊಂಬತ್ತು ವರ್ಷ ನೀರಿಗೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ಅಯ್ಯಮ್ಮನ ಆ ಏಳು ನನ್ನ ಕಣ್ಣ ಮುಂದೆ ಬರುತ್ತಿತ್ತು. ಆಕೆ ಮೊದಲಿನಿಂದಲೂ ಗುಳಿಗೆಗೆ ಹೆದರುವವಳು. ನಾನು ನುಂಗಿದ್ದನ್ನು ನೋಡಿದರೆ ಮಾತ್ರ ಕಣ್ಣುಮುಚ್ಚಿ ನುಂಗುತ್ತಿದ್ದಳು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನು ಒಂದು ದಾರಿ ಹುಡುಕಿದೆ. ಮರುದಿನ ಎಲ್ಲರೆದುರು ಗುಳಿಗೆ ಬಾಯಿಗೆ ಹಾಕಿದೆ, ನಾಲಿಗೆಯ ಕೆಳಗೆ ಒತ್ತಿಕೊಂಡೆ, ನೀರು ಕುಡಿದೆ. ಆಮೇಲೆ ಪಾತ್ರೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಉಗುಳಿದೆ. ಹನ್ನೊಂದು ಜನವೂ ನುಂಗಿದ್ದರು. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ.

ಈ ಮಧ್ಯೆ ಯಾದಗಿರಿಯಲ್ಲಿ ನನ್ನ ರಕ್ತ ತೆಗೆಯುವುದು ಶುರುವಾಯಿತು. ಮೊದಮೊದಲು ವಾರಕ್ಕೊಮ್ಮೆ. ಮಂಚದ ಮೇಲೆ ಮಲಗಿಸಿ ತೋಳಿಗೆ ದಪ್ಪ ಸೂಜಿ ಹಾಕಿ ಚೀಲ ತುಂಬಿಸುತ್ತಿದ್ದರು. ನನ್ನ ರಕ್ತ ಕಾಕಂಬಿಯಂತೆ ಕಪ್ಪಗೆ, ನಿಧಾನವಾಗಿ ಇಳಿಯುತ್ತಿತ್ತು. ನನ್ನ ಗಂಡ ಸೂಜಿ ಕಂಡರೆ ಹೆದರುವವರು, ಬಾಗಿಲಾಚೆ ಬೆನ್ನು ತಿರುಗಿಸಿ ನಿಂತು, "ಆತೇನ? ಆತೇನ?" ಎಂದು ಕೇಳುತ್ತಲೇ ಇರುತ್ತಿದ್ದರು. ತಲೆಯ ಭಾರ ಎರಡನೇ ವಾರಕ್ಕೇ ಇಳಿಯಿತು. ಅಕ್ಷರಗಳು ಅಲುಗಾಡುವುದನ್ನು ಬಿಟ್ಟವು. ಬದುಕುತ್ತೇನೆ ಎಂದು ನನಗೆ ಆಗಲೇ ಅನ್ನಿಸಿದ್ದು.

ಮನೆಯಲ್ಲಿ ಅತ್ತೆಯದು ಇನ್ನೊಂದು ಯುದ್ಧ. ಚೀಲಗಟ್ಟಲೆ ರಕ್ತ ತೆಗೆದು ಚೆಲ್ಲುತ್ತಾರೆ ಎಂಬುದನ್ನು ಅವರಿಗೆ ಅರಗಿಸಿಕೊಳ್ಳಲು ಆಗಲಿಲ್ಲ. "ಹಡೆದಾಗ ಹೋಗಿದ್ದು ಹೋತು. ಬೇಕಂತ ತಗಸ್ಕೋತಾರೇನು ಯಾರಾದ್ರೂ?" ಎನ್ನುತ್ತಿದ್ದರು. ನಾನು ಯಾದಗಿರಿಯಿಂದ ಬಂದ ಕೂಡಲೇ ಖರ್ಜೂರ, ದಾಳಿಂಬೆ, ಬೆಲ್ಲ ಹಾಕಿದ ರಾಗಿ ಅಂಬಲಿ ಮುಂದಿಡುತ್ತಿದ್ದರು. ಹೋದದ್ದೆಲ್ಲ ಮತ್ತೆ ತುಂಬಬೇಕು. ಡಾಕ್ಟರು ತೆಗೆಯುವುದು, ಅತ್ತೆ ತುಂಬಿಸುವುದು. ಬೇಡ ಎಂದರೆ ಕಣ್ಣೀರು ಹಾಕುತ್ತಿದ್ದರು. ಊಟಕ್ಕೆ ಪಥ್ಯವಿಲ್ಲ, ತಿನ್ನಲಿ ಬಿಡಿ ಎಂದು ಡಾಕ್ಟರಮ್ಮ ಫೋನಿನಲ್ಲಿ ಅವರಿಗೇ ಹೇಳಿದ ಮೇಲೆ ನಾನೂ ವಾದ ಬಿಟ್ಟು ತಿಂದೆ. ಮದುವೆಯಾದ ಇಪ್ಪತ್ತೈದು ವರ್ಷದಲ್ಲಿ ಆಕೆ ನನಗೆ ದಾಳಿಂಬೆ ಬಿಡಿಸಿಕೊಟ್ಟದ್ದು ಅದೇ ಮೊದಲು.

ನನ್ನ ಜಾಣತನ ಮೂರು ವಾರ ಬಾಳಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ನಾನು ದಿನದಿನಕ್ಕೆ ಅವಸರ ಮಾಡತೊಡಗಿದ್ದೆ. ಒಂದು ಮಧ್ಯಾಹ್ನ ಹಿತ್ತಲಿನಲ್ಲಿ ಉಗುಳಿ ತಿರುಗಿದರೆ ಬಾಗಿಲಲ್ಲಿ ಅಯ್ಯಮ್ಮ ನಿಂತಿದ್ದಳು, ಕೈತೊಳೆಯಲು ಬಂದವಳು. ಕೆಸರಿನಲ್ಲಿ ಅರ್ಧ ಕರಗಿದ ಕೆಂಪು ಗುಳಿಗೆ ಬಿದ್ದಿತ್ತು. ಆಕೆ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಕೈ ತೊಳೆಯದೆಯೇ ಹೋದಳು.

ಮರುದಿನ ಊಟಕ್ಕೆ ನಾಲ್ಕು ಜನ ಬಂದರು. ಊಟ ಮಾಡಿದರು, ಗುಳಿಗೆಯನ್ನು ಸೆರಗಿಗೆ ಕಟ್ಟಿಕೊಂಡು ಮನೆಯಲ್ಲಿ ನುಂಗುತ್ತೇವೆ ಎಂದು ಎದ್ದುಹೋದರು. ಅಯ್ಯಮ್ಮ ಬರಲೇ ಇಲ್ಲ. ನಾನು ಆಕೆಯ ಮನೆಗೆ ಹೋದೆ. ಆಗ ಆಕೆಗೆ ಆರು ತಿಂಗಳು. ಹಸೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಏಳಲಿಲ್ಲ.

"ಸಾಬಕ್ಕ, ನಿನಗ ವಿಷ ಆಗಿದ್ದು ನನಗ ಹೆಂಗ ಕೊಡ್ತಿ?" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ನಿಜವಾಗಿಯೂ ಕೇಳುತ್ತಿದ್ದಳು.

ನಾನು ರೋಗದ ಸುದ್ದಿ ಎತ್ತಲಿಲ್ಲ. ಗುಳಿಗೆ ಗಂಟಲಿಗೆ ಅಂಟಿತ್ತು, ಅದಕ್ಕೇ ಉಗುಳಿದೆ ಎಂದು ಇನ್ನೊಂದು ಸುಳ್ಳು ಸೇರಿಸಿದೆ. ಆಕೆ ಮುಖ ತಿರುಗಿಸಿಕೊಂಡಳು. ಆಮೇಲೆ ಐದಾರು ವಾರ ನಾನು ಗುಳಿಗೆ ಮನೆಗೇ ತಲುಪಿಸಿದೆ, ಸೊಪ್ಪು ತಿನ್ನು, ಶೇಂಗಾ ಬೆಲ್ಲ ತಿನ್ನು ಎಂದು ಬಾಗಿಲಲ್ಲಿ ನಿಂತು ಹೇಳಿದೆ. ಗುಳಿಗೆಯ ಪಟ್ಟಿಗಳು ಒಡೆಯದೆ ಹಾಗೇ ಗೋಡೆಯ ಗೂಡಿನಲ್ಲಿ ಸೇರುತ್ತಿದ್ದವು. ಎಂಟನೇ ತಿಂಗಳು ಬೀಳುವಾಗ ಆಕೆ ಕೊಡ ಹಿಡಿದು ನಾಲ್ಕು ಹೆಜ್ಜೆ ನಡೆದರೆ ನಿಂತು ಏದುಸಿರು ಬಿಡುತ್ತಿದ್ದಳು. ಪಾದ ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಉಗುರುಗಳು ಬಿಳಿಚಿಕೊಂಡಿದ್ದವು. ಆಕೆಯ ಗಂಡ ಹೆದರಿ ನನ್ನ ಬಳಿ ಬಂದು, "ನೀವೇ ಕರ್ಕೊಂಡು ಹೋಗ್ರಿ ಟೀಚರ್ರೇ, ನನ್ನ ಮಾತು ಕೇಳವಲ್ಲಳು" ಎಂದ. ಮರುದಿನ ನಾನು ರಕ್ತ ತೆಗೆಸಲು ಯಾದಗಿರಿಗೆ ಹೋಗುವವಳಿದ್ದೆ. ಅಯ್ಯಮ್ಮನನ್ನು ನನ್ನ ಜೊತೆಗೇ ಹೊರಡಿಸಿದೆ. ನನ್ನ ಗಂಡನೂ ಬಂದರು. ಬಸ್ಸಿನಲ್ಲಿ ಆಕೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು, ಆದರೆ ತಿರುವು ಬಂದಾಗಲೆಲ್ಲ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು.

ದವಾಖಾನೆಯಲ್ಲಿ ಆಕೆಯದು ಐದೂವರೆ ಬಂತು. ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ಉಳಿಯುವುದು ಕಷ್ಟ, ಇವತ್ತೇ ರಕ್ತ ಏರಿಸಬೇಕು ಎಂದು ಅಲ್ಲಿನ ಡಾಕ್ಟರು ಹೇಳಿದರು. ವಾರ್ಡಿನಲ್ಲಿ ಮಂಚ ಖಾಲಿ ಇಲ್ಲದ್ದರಿಂದ ನಾನು ರಕ್ತ ತೆಗೆಸುವ ಕೋಣೆಯಲ್ಲಿಯೇ, ನನ್ನ ಪಕ್ಕದ ಮಂಚದ ಮೇಲೆ ಆಕೆಯನ್ನು ಮಲಗಿಸಿದರು. ನನ್ನ ತೋಳಿಗೆ ಸೂಜಿ ಹಾಕಿದರು. ಚೀಲ ತುಂಬತೊಡಗಿತು. ಅಯ್ಯಮ್ಮ ತಲೆ ತಿರುಗಿಸಿ ನೋಡಿದಳು.

"ಸಾಬಕ್ಕ, ನಿನಗ್ಯಾಕ ತೆಗಿಲಾಕತ್ತಾರ?"

"ನನಗ ಹೆಚ್ಚಾಗ್ಯಾದ. ರೋಗ ಅದು."

ಆಕೆ ನರ್ಸಿನ ಕಡೆ ತಿರುಗಿ, "ಅಕ್ಕಾರಿ, ಈಕಿದೇ ನನಗ ಹಾಕ್ರಿ. ಇಬ್ಬರದೂ ಕೆಲಸ ಆಗ್ತದ" ಎಂದಳು.

ನರ್ಸು ತಲೆಯಾಡಿಸಿ, ರೋಗದವರ ರಕ್ತ ಬೇರೆಯವರಿಗೆ ಹಾಕುವಂತಿಲ್ಲ ಎಂದಳು. ಚೀಲ ಕಟ್ಟಿ ಮೂಲೆಯ ಡಬ್ಬಿಗೆ ಹಾಕಿದಳು. ಕ್ಯಾನ್ಸರ್ ಎಂದಾಗಲೂ ನನಗೆ ಇಷ್ಟು ಸಂಕಟ ಆಗಿರಲಿಲ್ಲ. ಒಂದು ಮೊಳದ ಅಂತರದಲ್ಲಿ ರಕ್ತವಿಲ್ಲದೆ ಒಬ್ಬ ಹುಡುಗಿ ಬಿಳಿಚಿಕೊಂಡು ಮಲಗಿದ್ದಾಳೆ, ನನ್ನದು ಕಸದ ಡಬ್ಬಿಗೆ ಹೋಗುತ್ತಿದೆ. ದಿಂಬಿಗೆ ಮುಖ ಒತ್ತಿ ಅತ್ತುಬಿಟ್ಟೆ. ಆಗ ಬಾಗಿಲಾಚೆ ಬೆನ್ನು ತಿರುಗಿಸಿ ನಿಂತಿದ್ದ ನನ್ನ ಗಂಡ ಒಳಗೆ ಬಂದರು. ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು, "ನಂದು ನಡೀತದೇನು ನೋಡ್ರಿ" ಎಂದರು. ಮುಖದಲ್ಲಿ ಬೆವರಿಳಿಯುತ್ತಿತ್ತು. ರಕ್ತನಿಧಿಯಿಂದ ಅಯ್ಯಮ್ಮನಿಗೆ ಒಂದು ಚೀಲ ತಂದು ಏರಿಸಿದರು, ಅದರ ಬದಲಿಗೆ ನನ್ನ ಗಂಡ ತಮ್ಮದನ್ನು ಕೊಟ್ಟು ಬಂದರು. ಕೊಡುವಾಗ ಕಣ್ಣು ಬಿಡಲೇ ಇಲ್ಲವಂತೆ.

ಮೂರು ದಿನ ಆಕೆ ಅಲ್ಲಿದ್ದಳು. ನಾನೂ ರಜೆ ಹಾಕಿ ಜೊತೆಗೆ ಉಳಿದೆ. ಎರಡನೆಯ ದಿನ ಆಕೆಗೆ ಗಂಜಿ ಕುಡಿಸುತ್ತ ಎಲ್ಲವನ್ನೂ ಹೇಳಿಬಿಟ್ಟೆ. ರೋಗ ಯಾವುದು, ಡಾಕ್ಟರಮ್ಮ ಏನಂದರು, ಮೂರು ವಾರ ಹೇಗೆ ನಿಮ್ಮೆಲ್ಲರ ಮುಂದೆ ಸುಳ್ಳು ನುಂಗಿದೆ, ಆಮೇಲೆ ನಿನಗೆ ಎಂಥ ಸುಳ್ಳು ಹೇಳಿದೆ ಎಂಬುದನ್ನೂ. "ನೀನು ಬಿಟ್ಟಿದ್ದು ನನ್ನ ಸಲುವಾಗಿ. ನಿನಗ ಏನರ ಆಗಿದ್ರ ಆ ಪಾಪ ನಂದೇ ಇತ್ತು" ಎಂದೆ.

"ಮೊದಲೇ ಹೇಳಿದ್ರ ಏನಾಗ್ತಿತ್ತು?" ಎಂದು ಅಯ್ಯಮ್ಮ ಕೇಳಿದಳು.

ನಾನು ಗಂಜಿಯ ಬಟ್ಟಲು ತೊಳೆಯಲು ಎದ್ದುಹೋದೆ.

ಆಕೆಗೆ ತಿಂಗಳ ನಂತರ ಅದೇ ದವಾಖಾನೆಯಲ್ಲಿ ಹೆರಿಗೆಯಾಯಿತು. ಗಂಡು ಕೂಸು, ಸಣ್ಣದು, ಆದರೆ ಅಳುವ ದನಿ ಮಾತ್ರ ದೊಡ್ಡದು. ನನಗೂ ಅಷ್ಟರಲ್ಲಿ ರಕ್ತ ಒಂದು ಹದಕ್ಕೆ ಬಂದಿತ್ತು. ಈಗ ಎರಡು ಮೂರು ತಿಂಗಳಿಗೊಮ್ಮೆ ತೆಗೆಸಿದರೆ ಸಾಕು. ತುರಿಕೆ ಪೂರ್ತಿ ಹೋಗಿಲ್ಲ, ತಣ್ಣೀರಿನಲ್ಲಿ ಸ್ನಾನ ಮಾಡುತ್ತೇನೆ, ಮೈ ಉಜ್ಜದೆ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳುತ್ತೇನೆ. ಈ ರೋಗದ ಜೊತೆಗೆ ಬಾಳುವುದೆಂದರೆ ಒಬ್ಬ ಹಟಮಾರಿ ನೆಂಟರ ಜೊತೆಗೆ ಇರುವ ಹಾಗೆ. ಅವರು ಹೋಗುವುದಿಲ್ಲ, ನಾವು ಹೊಂದಿಕೊಳ್ಳಬೇಕು. ನಮ್ಮತ್ತೆ ಮಾತ್ರ ಇವತ್ತಿಗೂ ಇದು ಕಾಲುವೆ ನೀರಿನದೇ ಎನ್ನುತ್ತಾರೆ.

ಆದರೆ ಅಂಗನವಾಡಿಯ ಹೆಂಗಸರು ನನ್ನನ್ನು ನಂಬುತ್ತಿರಲಿಲ್ಲ. ನನ್ನ ರೋಗದ ಸುದ್ದಿ ಊರಿಗೆಲ್ಲ ಗೊತ್ತಾಗಿತ್ತು. ಊಟಕ್ಕೆ ಬರುತ್ತಿದ್ದರು, ಗುಳಿಗೆ ಕಟ್ಟಿಕೊಂಡು ಹೋಗುತ್ತಿದ್ದರು, ಮನೆಗೆ ಹೋಗಿ ನೋಡಿದರೆ ಹಾಗೇ ಇರುತ್ತಿತ್ತು. ಒಂದು ದಿನ ಊಟವಾದ ಮೇಲೆ ನಾನು ಎಲ್ಲರ ಎದುರು ನಿಂತೆ. "ನಾ ಉಗುಳಿದ್ದು ಖರೇ. ಮೂರು ವಾರ ನಿಮಗ ಮೋಸ ಮಾಡೀನಿ. ಗುಳಿಗಿಯಿಂದ ನನಗ ಈ ಬ್ಯಾನಿ ಬಂದಿಲ್ಲ. ನನಗ ರಕ್ತ ಹೆಚ್ಚಾಗೂ ರೋಗ, ನಿಮಗ ಕಡಿಮಿ ಅದ. ಅದಕ್ಕ ನಾ ತಿನ್ನಂಗಿಲ್ಲ, ನೀವು ತಿನಬೇಕು" ಎಂದೆ. ಎಷ್ಟೋ ದಿನದಿಂದ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಅದು. ಯಾರೂ ಕೈ ಬಾಯಿಗೆ ಒಯ್ಯಲಿಲ್ಲ. ಎಲ್ಲರ ಅಂಗೈಯಲ್ಲಿ ಗುಳಿಗೆ, ಎಲ್ಲರ ಕಣ್ಣು ನನ್ನ ಬಾಯಿಯ ಮೇಲೆ. ಒಂದೇ ಒಂದು ನುಂಗಿಬಿಡಲೇ, ಒಂದರಿಂದ ಏನಾದೀತು ಎಂದು ನನಗೆ ಅನ್ನಿಸಿತು. ಡಬ್ಬಿಗೆ ಕೈ ಹಾಕಿದೆ.

ಅಯ್ಯಮ್ಮ ಬಾಣಂತಿಯ ಸ್ಕಾರ್ಫು ಕಟ್ಟಿಕೊಂಡು ಗೋಡೆಯ ಪಕ್ಕ ಕೂತಿದ್ದಳು. ಎದ್ದು ಬಂದು ನನ್ನ ಕೈಯಿಂದ ಗುಳಿಗೆ ತೆಗೆದುಕೊಂಡಳು. ತನ್ನ ಕೂಸನ್ನು ತಂದು ನನ್ನ ತೋಳಿನಲ್ಲಿಟ್ಟಳು.

"ನೀ ತಿನಬ್ಯಾಡ ಸಾಬಕ್ಕ. ಇವನ್ನ ಹಿಡ್ಕೊಂಡು ನಮ್ಮ ಎದುರಿಗಿ ಕುಂದ್ರು, ಅಷ್ಟ ಸಾಕು" ಎಂದಳು.

ಕೂಸು ಬೆಚ್ಚಗಿತ್ತು, ಭಾರವಾಗಿತ್ತು. ನಾನು ಅದನ್ನು ಎತ್ತಿಕೊಂಡು ಅವರ ಎದುರಿಗೆ ಕುಳಿತೆ. ಅಯ್ಯಮ್ಮ ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಆಕೆಯ ಪಕ್ಕದವಳು ಒಂದು ಸಲ ಕೂಸನ್ನು ನೋಡಿ, ಲೋಟಕ್ಕೆ ಕೈ ಚಾಚಿದಳು.